ಆರು ವಾರ ಕಾದ ಸೋಪಿನ ಬೆಲೆ

ಗೌರಿ ಹಬ್ಬಕ್ಕೆ ಇನ್ನೆರಡು ವಾರ ಇರುವಾಗ ಬೆಂಗಳೂರಿನ ಒಂದು ಭಾನುವಾರದ ಸಂತೆಯಲ್ಲಿ ಮೂರು ಪೆಟ್ಟಿಗೆ ಸೋಪು ಕೊಂಡೆ. ಅಕ್ಕನ ಇಬ್ಬರು ಹೆಣ್ಣುಮಕ್ಕಳಿಗೆ ಒಂದೊಂದು, ನನಗೊಂದು. ಪೆಟ್ಟಿಗೆಗೆ 950 ರೂಪಾಯಿ, ಒಟ್ಟು 2,850. ಸೆಣಬಿನ ದಾರ ಕಟ್ಟಿದ ಕಂದು ರಟ್ಟು, ಒಳಗೆ ಒಣಹುಲ್ಲಿನ ಹಾಸು, ಅದರ ಮೇಲೆ 60 ಗ್ರಾಮಿನ ನಾಲ್ಕು ಸೋಪು, ತುಟಿಗೆ ಹಚ್ಚುವ ಮುಲಾಮಿನ ಪುಟ್ಟ ಡಬ್ಬಿ, ಮೈ ಉಜ್ಜುವ ಸ್ಕ್ರಬ್ಬಿನ ಒಂದು ಗಾಜಿನ ಬಾಟಲಿ. 'ಪೂರ್ತಿ ನೈಸರ್ಗಿಕ, ಕೆಮಿಕಲ್ ಇಲ್ಲ, ಕೈಯಲ್ಲೇ ಮಾಡಿದ್ದು' ಎಂದು ಮೇಲೊಂದು ಚೀಟಿ. ಸೋಪಿನೊಳಗೆ ಗುಲಾಬಿ ಎಸಳುಗಳು ಗಾಜಿನಲ್ಲಿಟ್ಟ ಹಾಗೆ ಕೆಂಪಗೆ ಕಾಣುತ್ತಿದ್ದವು. ಅವನ್ನು ನೋಡಿಯೇ ಕೊಂಡದ್ದು.

ಮೂರನೇ ವಾರ ಅಕ್ಕನ ದೊಡ್ಡ ಮಗಳು ಫೋನ್ ಮಾಡಿದಳು. "ಚಿಕ್ಕಮ್ಮ, ಆ ಬಾಟಲಿ ಮುಚ್ಚಳ ತೆಗೆದ್ರೆ ಹುಳಿ ವಾಸನೆ ಬರ್ತಿದೆ. ಮೇಲೆ ಬೂಷ್ಟು ಹಿಡಿದ ಹಾಗಿದೆ." ನನ್ನದನ್ನು ತೆರೆದು ನೋಡಿದೆ. ಅಂಚಿನಲ್ಲಿ ಹಸಿರು ಚುಕ್ಕೆಗಳು. ಅಷ್ಟರಲ್ಲಾಗಲೇ ಮೊದಲ ಸೋಪು ಕರಗಿ ಸೋಪಿನ ತಟ್ಟೆಗೆ ಅಂಟಿಕೊಂಡಿತ್ತು. ಚೀಟಿಯಲ್ಲಿ ತಯಾರಿಸಿದ ತಾರೀಖಿಲ್ಲ, ವಿಳಾಸವಿಲ್ಲ. ಇದ್ದ ಒಂದು ಮೊಬೈಲ್ ನಂಬರಿಗೆ ನಾಲ್ಕು ದಿನ ಕರೆ ಮಾಡಿದೆ. ಯಾರೂ ಎತ್ತಲಿಲ್ಲ.

ದುಡ್ಡು ಹೋದ ಸಂಕಟ ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ ಕಾಡಿದ್ದು, ಆ 2,850 ರೂಪಾಯಿಯನ್ನು ನಾನು ಯಾವುದಕ್ಕೆ ಕೊಟ್ಟೆ ಎಂಬುದೇ ನನಗೆ ತಿಳಿದಿರಲಿಲ್ಲವಲ್ಲ ಎಂಬುದು. ಎಣ್ಣೆಗೋ, ಕೂಲಿಗೋ, ರಟ್ಟಿನ ಪೆಟ್ಟಿಗೆಗೋ? ಅಕ್ಕಿ ಕೊಳ್ಳುವಾಗ ಬೆರಳಲ್ಲಿ ಉಜ್ಜಿ ನೋಡುತ್ತೇವೆ, ತೆಂಗಿನಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತೇವೆ. ಮೈಗೆ ಹಚ್ಚುವ ವಸ್ತುವಿನ ವಿಷಯದಲ್ಲಿ ಆ ಜಾಣತನ ನಮಗೆ ಯಾರೂ ಕಲಿಸಲಿಲ್ಲ.

ಅದನ್ನು ನನಗೆ ಕಲಿಸಿದವರು ಶಿರಸಿ ಕಡೆಯ ಒಬ್ಬ ಹೆಣ್ಣುಮಗಳು. ಸಾಗರದ ತವರಿಗೆ ಹೋದವಳು ಪರಿಚಿತರ ಮಾತು ಕೇಳಿ ಅವರ ಮನೆ ಹುಡುಕಿಕೊಂಡು ಹೋದೆ. ಅಡಿಕೆ ತೋಟದ ಅಂಚಿನ ಹೆಂಚಿನ ಮನೆ. "ಬನ್ನಿ ಬನ್ನಿ, ಆಸರಿಗೆ ಏನು ಕೊಡ್ಲಿ?" ಎನ್ನುತ್ತ ಮುರುಗಲ ಪಾನಕ ಕೈಗಿಟ್ಟು, ಆಮೇಲೆ ಅಟ್ಟ ಹತ್ತಿಸಿದರು. ಅಲ್ಲಿ ಮರದ ಪಟ್ಟಿಗಳ ಗೂಡಿನ ತುಂಬ ಸೋಪು. ಒಂದಕ್ಕೊಂದು ತಾಗದಂತೆ ಬೆರಳಷ್ಟು ಸಂದು ಬಿಟ್ಟು ಜೋಡಿಸಿದ್ದರು. ಪ್ರತಿ ಸಾಲಿಗೂ ಕಲೆಸಿದ ದಿನದ ಚೀಟಿ. ಎರಡು ಬಿಲ್ಲೆ ತೆಗೆದು ನನ್ನ ಎರಡೂ ಅಂಗೈಗೆ ಇಟ್ಟರು. "ಉಗುರಲ್ಲಿ ಒತ್ತಿ ನೋಡಿ." ಒಂದು, ಕತ್ತರಿಸಿ ಮೂರು ದಿನವಾದದ್ದು. ಉಗುರು ಒಳಗೆ ಇಳಿಯಿತು. ಇನ್ನೊಂದು ಆರು ವಾರದ್ದು. ಉಗುರಿನ ಗೀರು ಮಾತ್ರ ಬಿತ್ತು. ತಕ್ಕಡಿಯ ಮೇಲಿಟ್ಟು ತೋರಿಸಿದರು: ಕತ್ತರಿಸಿದ ದಿನ 118 ಗ್ರಾಂ ಇದ್ದದ್ದು ಈಗ ಬರೋಬ್ಬರಿ 100. ಆರಿಹೋದ ಆ 18 ಗ್ರಾಂ ನೀರಿಗಾಗಿಯೇ ನಾಲ್ಕರಿಂದ ಆರು ವಾರ ಕಾಯುವುದು. ಕಾಯದೆ ಮಾರಿದರೆ ಗಿರಾಕಿ ಸೋಪಿನ ಬೆಲೆಗೆ ನೀರು ಕೊಳ್ಳುತ್ತಾನೆ, ಸೋಪೂ ಬೇಗ ಕರಗುತ್ತದೆ.

ನನ್ನ ಚೀಲದಲ್ಲಿದ್ದ ಸಂತೆಯ ಸೋಪನ್ನು ಅವರ ಮುಂದಿಟ್ಟೆ. ಬೆಳಕಿಗೆ ಹಿಡಿದು ನೋಡಿ, "ಇದು ಬೇಸ್ ಕರಗಿಸಿ ಅಚ್ಚಿಗೆ ಹೊಯ್ದದ್ದು" ಎಂದರು. ಆಗಲೇ ಸೋಪಾಗಿರುವ ಗಟ್ಟಿ ಕಿಲೋ ಲೆಕ್ಕದಲ್ಲಿ ಸಿಗುತ್ತದಂತೆ, ಇನ್ನೂರು ಇನ್ನೂರೈವತ್ತು ರೂಪಾಯಿಗೆ. ಅದನ್ನು ಕರಗಿಸಿ, ಬಣ್ಣ ಪರಿಮಳ ಸೇರಿಸಿ ಅಚ್ಚಿಗೆ ಹೊಯ್ದರೆ ಗಂಟೆಯೊಳಗೆ ಸೋಪು ತಯಾರು. "ಗುಲಾಬಿ ಎಸಳು ನೋಡಿ, ಎಷ್ಟು ಕೆಂಪಗಿದೆ! ನಮ್ಮ ಹಸಿ ಸೋಪಿಗೆ ಹಾಕಿದ್ರೆ ಸೋಡಾಕ್ಕೆ ಸಿಕ್ಕಿ ಕಂದು ಬಣ್ಣಕ್ಕೆ ತಿರುಗ್ತದೆ." ನಾನು ಯಾವುದನ್ನು ನೋಡಿ ಮರುಳಾದೆನೋ ಅದೇ ಗುರುತಾಗಿತ್ತು.

"ಕೆಮಿಕಲ್ ಇಲ್ಲ ಅಂತ ಬರೆದಿದ್ದಾರಲ್ಲ?" ಎಂದೆ.

"ಕಾಸ್ಟಿಕ್ ಸೋಡಾ ಇಲ್ಲದೆ ಸೋಪೇ ಆಗೋದಿಲ್ಲ ಮೇಡಂ. ನಾನು ಹಾಕಿಲ್ಲ ಅಂತ ಯಾರಾದ್ರೂ ಹೇಳಿದ್ರೆ, ಬೇರೆ ಯಾರೋ ಹಾಕಿದ್ದನ್ನ ಕೊಂಡು ತಂದಿದ್ದಾರೆ ಅಂತ ಅರ್ಥ."

ಎಣ್ಣೆಯೂ ಸೋಡಾವೂ ಕೂಡಿದಾಗ ಎರಡೂ ಇಲ್ಲವಾಗಿ ಸೋಪು ಮತ್ತು ಗ್ಲಿಸರಿನ್ ಹುಟ್ಟುತ್ತವೆ. ಒಂದು ಕಿಲೋ ಕೊಬ್ಬರಿ ಎಣ್ಣೆ ಪೂರ್ತಿ ಸೋಪಾಗಲು ಸುಮಾರು 183 ಗ್ರಾಂ ಸೋಡಾ ಬೇಕು. ಇವರು ಶೇ 5ರಷ್ಟು ಕಡಿಮೆ, ಅಂದರೆ 174 ಗ್ರಾಂ ಹಾಕುತ್ತಾರೆ. ಹೀಗೆ ಮಾಡಿದರೆ ಸೋಡಾ ಒಂದು ಕಣವೂ ಉಳಿಯದೆ, ಚೂರು ಎಣ್ಣೆ ಉಳಿದು ಚರ್ಮ ಬಿರಿಯುವುದಿಲ್ಲ. ಇದರಲ್ಲಿ ಮುಚ್ಚಿಡುವಂಥದ್ದು ಏನಿದೆ? ಮಾಡುವ ಕೆಲಸ ಬಲ್ಲವರು ಸೋಡಾದ ಹೆಸರು ಹೇಳಲು ಅಂಜುವುದಿಲ್ಲ. ಅಂದಿನಿಂದ ಯಾವ ಮಳಿಗೆಗೆ ಹೋದರೂ ನನ್ನ ಮೊದಲ ಪ್ರಶ್ನೆ, "ಸೋಡಾ ಎಷ್ಟು ಹಾಕ್ತೀರಿ, ಎಷ್ಟು ವಾರ ಒಣಗಿಸ್ತೀರಿ?" ಉತ್ತರ ತಡವರಿಸಿದರೆ ನಾನು ಮುಂದಿನ ಮಳಿಗೆಗೆ ಹೋಗುತ್ತೇನೆ.

ಜಗಲಿಯಲ್ಲಿ ಕೂತು ಬೆಲೆಯ ಲೆಕ್ಕ ಹಾಕಿದೆವು. ಅವರು ಗಾಣದಿಂದ ತಂದ ಎಣ್ಣೆ ಆಗ ಕಿಲೋಗೆ 420. ಒಂದು ಕಿಲೋ ಎಣ್ಣೆಗೆ ಸೋಡಾ, ನೀರು ಸೇರಿ ಒಂದೂವರೆ ಕಿಲೋ ಹಿಟ್ಟು. ಅಂಚು ಕತ್ತರಿಸಿ, ಒಣಗಿ, ಕೊನೆಗೆ ಉಳಿಯುವುದು 100 ಗ್ರಾಮಿನ 12 ಸೋಪು. ಅಲ್ಲಿಗೆ ಎಣ್ಣೆಯೇ ಒಂದಕ್ಕೆ 35 ರೂಪಾಯಿ. ಸೋಡಾ, ನಿಂಬೆಹುಲ್ಲಿನ ಎಣ್ಣೆ, ಕಾಗದ, ಕರೆಂಟು ಸೇರಿ ಇನ್ನೊಂದು 20. ಮಾರುವುದು 160ಕ್ಕೆ. ಉಳಿದ 105ರಲ್ಲಿ ಅವರ ಮತ್ತು ಸಹಾಯಕ್ಕೆ ಬರುವ ಇಬ್ಬರ ಕೂಲಿ ಬರಬೇಕು, ಅಟ್ಟದ ಮೇಲೆ ಆರು ವಾರ ಮಲಗಿದ ಬಂಡವಾಳದ ಬಡ್ಡಿ ಬರಬೇಕು, ಮುರಿದದ್ದು, ಮಳೆಗಾಲದಲ್ಲಿ ಬೆವೆತು ಹಾಳಾದದ್ದು ಎಲ್ಲ ತುಂಬಬೇಕು. ಬೆಂಗಳೂರಿನ ಅಂಗಡಿಗೆ ಹಾಕಿದರೆ ಬೆಲೆಯ ಮೂರನೇ ಒಂದು ಪಾಲು ಅಂಗಡಿಯವರದು. ಅವರ ಕೈಗೆ ನಿಲ್ಲುವುದು ಬಹಳವಿಲ್ಲ. ಗಾಣದ ಕೊಬ್ಬರಿ ಎಣ್ಣೆಯದೇ ಎಂದು ಹೇಳಿ 50 ರೂಪಾಯಿಗೆ ಕೊಡುವ ಸೋಪಿನಲ್ಲಿ ಏನಿರಬಹುದು ಎಂಬುದನ್ನೂ ಇದೇ ಲೆಕ್ಕ ಹೇಳುತ್ತದೆ.

ಶ್ರೀಗಂಧದ ಹೆಸರು ಕಂಡಾಗಲೂ ಲೆಕ್ಕ ಹಾಕಬೇಕು. ಮೊದಲ ಮಹಾಯುದ್ಧ ಶುರುವಾಗಿ ಗಂಧದ ಮರವನ್ನು ಯುರೋಪಿಗೆ ಕಳಿಸುವುದು ನಿಂತಾಗ ಮೈಸೂರು ಸಂಸ್ಥಾನ ಇಲ್ಲೇ ಎಣ್ಣೆ ತೆಗೆಯಲು 1916ರಲ್ಲಿ ಕಾರ್ಖಾನೆ ಹೂಡಿತು. ಅದರ ಬೆನ್ನಿಗೇ ಮೈಸೂರು ಸ್ಯಾಂಡಲ್ ಸೋಪು ಬಂತು. ನಮ್ಮ ಮನೆಯಲ್ಲಿ ಈಗಲೂ ನೆಂಟರಿಗೆ ಅದೇ. ಒಂದನೇ ದರ್ಜೆಯ ಸೋಪಿನಲ್ಲಿ ಕೊಬ್ಬಿನಂಶ, ಅಂದರೆ ಟಿಎಫ್‌ಎಂ, ಶೇ 76ಕ್ಕೆ ಕಡಿಮೆ ಇರಬಾರದು ಎಂಬುದು ನಿಯಮ. ಅದರದ್ದು ಶೇ 80. ಕಾರ್ಖಾನೆಯ ಸೋಪೆಲ್ಲ ಕೆಟ್ಟದ್ದು ಎಂದು ನಾನು ಎಂದೂ ಹೇಳಲಾರೆ. ಆದರೆ ಅಸಲಿ ಗಂಧದೆಣ್ಣೆ ಕಿಲೋಗೆ ಲಕ್ಷ ದಾಟುತ್ತದೆ, ಅಂದರೆ ಗ್ರಾಮಿಗೆ ನೂರಕ್ಕೂ ಮೇಲೆ. ಮನೆಯಲ್ಲಿ ಮಾಡುವವರು ನೂರು ಗ್ರಾಮಿನ ಸೋಪಿಗೆ ಎರಡು ಮೂರು ಗ್ರಾಂ ಸುಗಂಧ ಹಾಕುತ್ತಾರೆ. ಬರೀ ಗಂಧದೆಣ್ಣೆಯ ಪರಿಮಳವಿರುವ ಕೈಸೋಪನ್ನು 150 ರೂಪಾಯಿಗೆ ಕೊಡಲು ಯಾರಿಂದ ಸಾಧ್ಯ? ನಿಂಬೆಹುಲ್ಲು, ಲಾವಂಚ ಎಂದು ಬರೆದವರನ್ನು ನಾನು ಹೆಚ್ಚು ನಂಬುತ್ತೇನೆ.

ಮನೆಗೆ ಬಂದ ಮೇಲೆ ಬಚ್ಚಲುಮನೆಯ ಕ್ಯಾಲೆಂಡರಿನಲ್ಲಿ ಒಂದೊಂದು ಸೋಪನ್ನು ತೆರೆದ ದಿನ, ಮುಗಿದ ದಿನ ಬರೆಯತೊಡಗಿದೆ. ನಾವು ಇಬ್ಬರೇ. 45 ರೂಪಾಯಿಯ ಕಾರ್ಖಾನೆ ಸೋಪು 22 ದಿನ ಬಂತು, ದಿನಕ್ಕೆ ಎರಡು ರೂಪಾಯಿ. 160ರ ಶಿರಸಿ ಸೋಪು 16 ದಿನಕ್ಕೇ ಮುಗಿಯಿತು, ದಿನಕ್ಕೆ ಹತ್ತು. ಫೋನ್ ಮಾಡಿ ಕೇಳಿದೆ. "ನೀರು ನಿಲ್ಲುವ ತಟ್ಟೆಯಲ್ಲಿ ಇಟ್ಟಿದ್ದೀರಾ?" ಎಂದರು. ದೊಡ್ಡ ಕಾರ್ಖಾನೆಗಳು ಗ್ಲಿಸರಿನ್ ಬೇರೆ ತೆಗೆದು ಮಾರಿಕೊಳ್ಳುವುದೇ ಹೆಚ್ಚು. ಕೈಯಲ್ಲಿ ಮಾಡಿದ ಸೋಪಿನಲ್ಲಿ ಅದು ಒಳಗೇ ಉಳಿದು ನೀರನ್ನು ಎಳೆದುಕೊಳ್ಳುತ್ತದೆ. ಚರ್ಮಕ್ಕೆ ಹಿತವಾದ ಗುಣವೇ ತಟ್ಟೆಯಲ್ಲಿ ಸೋಪನ್ನು ಕರಗಿಸುತ್ತದೆ. ಮುಂದಿನ ಸೋಪನ್ನು ಎರಡಾಗಿ ಕತ್ತರಿಸಿ, ಅರ್ಧ ಬೀರುವಿನಲ್ಲಿಟ್ಟು, ಇನ್ನರ್ಧವನ್ನು ಸಂದುಗಳಿರುವ ಮರದ ಹಲಗೆಯ ಮೇಲೆ ಇಟ್ಟೆ. ಆ ಸಲ 25 ದಿನ ಬಂತು, ದಿನಕ್ಕೆ ಆರೂವರೆ ರೂಪಾಯಿ. 40 ರೂಪಾಯಿಯ ಹಲಗೆ ಒಂದೇ ಸೋಪಿನಲ್ಲಿ ತನ್ನ ಬೆಲೆ ತೀರಿಸಿತು. ಆದರೂ ಕಾರ್ಖಾನೆಯದಕ್ಕಿಂತ ಮೂರು ಪಟ್ಟು ಹೆಚ್ಚೇ. ಚಳಿಗಾಲದಲ್ಲಿ ನನ್ನ ಕಾಲು ಬೂದಿ ಬಳಿದಂತೆ ಒಣಗುವುದು ನಿಂತಿತು, ಹಾಗಾಗಿ ನಾನು ಆ ಹಣ ಕೊಡುತ್ತೇನೆ. ಕಾರ್ಖಾನೆಯದೇ ಒಗ್ಗುವ ಚರ್ಮವಿದ್ದವರು ಕೊಡಬೇಕಾಗಿಲ್ಲ.

ಸ್ಕ್ರಬ್ಬಿಗೆ ಬೂಷ್ಟು ಯಾಕೆ ಬಂತು ಎಂಬುದೂ ಅವರಿಂದಲೇ ತಿಳಿಯಿತು. ಸೋಪಿನಲ್ಲಿ, ಎಣ್ಣೆಯಲ್ಲಿ, ಒಣ ಪುಡಿಯಲ್ಲಿ ಸೂಕ್ಷ್ಮಜೀವಿ ಬೆಳೆಯುವುದು ಕಷ್ಟ. ನೀರು, ಲೋಳೆಸರ, ಹಾಲು, ಹಣ್ಣಿನ ರಸ ಬೆರೆತ ಕ್ರೀಮು, ಲೋಷನ್ನುಗಳಿಗೆ ಕೆಡದಂತೆ ಕಾಯುವ ವಸ್ತು ಬೇಕೇ ಬೇಕು. 'ಪ್ರಿಸರ್ವೇಟಿವ್ ಇಲ್ಲ' ಎಂಬ ಚೀಟಿ ಒಣ ಪುಡಿಯ ಮೇಲಿದ್ದರೆ ಸರಿ. ನೀರಿನ ಕ್ರೀಮಿನ ಮೇಲಿದ್ದರೆ, ದಯವಿಟ್ಟು ಅದನ್ನು ಮಕ್ಕಳ ಮುಖಕ್ಕೆ ಹಚ್ಚಬೇಡಿ. ಮನೆಯಲ್ಲಿ ಮಾಡುವವರಿಂದ ಒಣಗಿದ್ದು, ಎಣ್ಣೆಯದ್ದು ಮಾತ್ರ ಕೊಳ್ಳುವುದು ಎಂದು ನಾನು ನಿಯಮ ಮಾಡಿಕೊಂಡಿದ್ದೇನೆ.

ಇನ್ನು ಚೀಟಿಯ ವಿಷಯ. ಮಾರುವುದಕ್ಕಾಗಿ ಸೋಪು, ಕ್ರೀಮು ತಯಾರಿಸುವವರು 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಪರವಾನಗಿ ಪಡೆಯಬೇಕು. ಪರವಾನಗಿ ಸಂಖ್ಯೆ, ತಯಾರಕರ ವಿಳಾಸ, ಬ್ಯಾಚ್ ನಂಬರು (ಸೋಪಿಗಾದರೆ ಅದರ ಬದಲು ತಯಾರಿಸಿದ ತಿಂಗಳು, ವರ್ಷ), ಎಷ್ಟರೊಳಗೆ ಬಳಸಬೇಕೆಂಬ ತಿಂಗಳು, ಬೆರೆಸಿದ ವಸ್ತುಗಳ ಪಟ್ಟಿ, ಇಷ್ಟೂ ಚೀಟಿಯಲ್ಲಿರಬೇಕು. ಶೇ 1ಕ್ಕಿಂತ ಹೆಚ್ಚಿರುವ ವಸ್ತುಗಳನ್ನು ಹೆಚ್ಚಿನದು ಮೊದಲು ಎಂಬ ಕ್ರಮದಲ್ಲಿ ಬರೆಯಬೇಕು, ಆದ್ದರಿಂದ ಕೇಸರಿ ಸೋಪಿನ ಪಟ್ಟಿಯಲ್ಲಿ ಕೇಸರಿ ಎಷ್ಟನೆಯದು ಎಂದು ನೋಡಿ. ಶಿರಸಿಯವರು ಎರಡು ವರ್ಷ ಓಡಾಡಿ ಪರವಾನಗಿ ಪಡೆದಿದ್ದಾರೆ, ಅದರ ಖರ್ಚೂ ಆ 105ರಲ್ಲೇ ಸೇರಿದೆ. ತೆರಿಗೆಯ ಬಗ್ಗೆ ಒಂದು ಮಾತು: 2025ರ ಸೆಪ್ಟೆಂಬರ್ 22ರಿಂದ ಸೋಪಿನ ಬಿಲ್ಲೆ, ಶಾಂಪೂ, ತಲೆಗೆ ಹಚ್ಚುವ ಎಣ್ಣೆಯ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿದಿದೆ. ನೋಂದಣಿ ಇಲ್ಲದವರು ಆ ಹೆಸರಿನಲ್ಲಿ ಏನನ್ನೂ ವಸೂಲಿ ಮಾಡುವಂತಿಲ್ಲ. ಬಿಲ್ಲು ಕೇಳಿ ಪಡೆಯಿರಿ.

ಪೆಟ್ಟಿಗೆ ಕೊಳ್ಳುವ ಮೊದಲು ಒಂದು ಭಾಗಾಕಾರ ಮಾಡಿ. ನನ್ನ 950ರ ಪೆಟ್ಟಿಗೆಯಲ್ಲಿ ಸೋಪು ಇದ್ದದ್ದು 240 ಗ್ರಾಂ. ಡಬ್ಬಿ, ಬಾಟಲಿಗೆ 350 ಬಿಟ್ಟರೂ ಗ್ರಾಮಿಗೆ ಎರಡೂವರೆ ರೂಪಾಯಿ ಬೀಳುತ್ತದೆ. ಆರು ವಾರ ಕಾದ ಸೋಪಿಗೆ ಗ್ರಾಮಿಗೆ 1.60.

ತಲೆಸ್ನಾನಕ್ಕಂತೂ ನಾನು ಗ್ರಂಧಿಗೆ ಅಂಗಡಿಯನ್ನು ಬಿಟ್ಟು ಎಲ್ಲೂ ಹೋಗುವುದಿಲ್ಲ. ಒಂದು ಕಿಲೋ ಸೀಗೆಕಾಯಿ, ಅರ್ಧ ಕಿಲೋ ಚಿಗರೆ ಪುಡಿ, ಕಾಲು ಕಿಲೋ ಬೀಜ ತೆಗೆದ ಅಂಟುವಾಳ, ಒಂದು ಹಿಡಿ ಮೆಂತ್ಯ. ಕಳೆದ ಸಲ ಬೀಸಿದ ಕೂಲಿಯೂ ಸೇರಿ 480 ರೂಪಾಯಿ. ಸೀಗೆ ಬೀಸುವ ಗಿರಣಿಯೇ ಬೇರೆ, ಹಿಟ್ಟಿನ ಗಿರಣಿಯವರು ಮುಟ್ಟುವುದಿಲ್ಲ. ಕಾಯಿಗಳನ್ನು ಎರಡು ದಿನ ಬಿಸಿಲಿಗೆ ಹಾಕಿ ಒಯ್ಯಬೇಕು. ಒಂದು ತಲೆಸ್ನಾನಕ್ಕೆ ಎರಡು ದೊಡ್ಡ ಚಮಚ ಪುಡಿ ಸಾಕು, ಎಂಟೊಂಬತ್ತು ತಿಂಗಳು ಬರುತ್ತದೆ. ಅಮ್ಮನ ಮನೆಯಲ್ಲಾದರೆ ಅದೂ ಬೇಡ, ಹಿತ್ತಿಲ ದಾಸವಾಳದ ಸೊಪ್ಪು ಕಿವುಚಿದರೆ ಗೊಂಪು ಸಿದ್ಧ. ಒಡೆದ ಹಿಮ್ಮಡಿಗೆ ಅಮ್ಮ ತೆಂಗಿನ ಕರಟದಲ್ಲಿ ಮುರುಗಲ ತುಪ್ಪದ ಉಂಡೆ ಇಟ್ಟುಕೊಂಡಿರುತ್ತಾಳೆ. ದೀಪದ ಬಿಸಿಗೆ ಹಿಡಿದು, ಕರಗಿದಷ್ಟನ್ನು ಬೆರಳಲ್ಲಿ ತೆಗೆದು ತಿಕ್ಕುತ್ತಾಳೆ. ಅದೇ ತುಪ್ಪ ನಗರದ ಮಾಲಿನಲ್ಲಿ ಕೋಕಂ ಬಟರ್ ಆಗಿ, 50 ಗ್ರಾಮಿನ ಡಬ್ಬಿಯಲ್ಲಿ 450 ರೂಪಾಯಿಗೆ ಕೂತಿರುವುದನ್ನು ಕಂಡೆ. ಸಂತೆಯಲ್ಲಿ ಮುರುಗಲ ತುಪ್ಪ ಎಂದೇ ಕೇಳಿ, ಅದರ ಕಾಲು ಬೆಲೆಗೂ ಸಿಗುತ್ತದೆ.

ಚೌಕಾಸಿಯನ್ನು ನಾನು ವಿರೋಧಿಸುವವಳಲ್ಲ. ಆದರೆ ಸೋಡಾದ ತೂಕ ಹೇಳುವ, ತಾರೀಖು ಬರೆಯುವ, ಫೋನ್ ಎತ್ತುವ ಹೆಣ್ಣುಮಗಳ ಮುಂದೆ ನಿಂತು 160ನ್ನು 120ಕ್ಕೆ ಇಳಿಸಲು ಈಗ ನನಗೆ ಬಾಯಿ ಬರುವುದಿಲ್ಲ. ಆ 40 ರೂಪಾಯಿ ಯಾರ ಕೂಲಿಯಿಂದ ಹೋಗುತ್ತದೆ ಎಂದು ಜಗಲಿಯ ಮೇಲೆ ಕೂತು ಲೆಕ್ಕ ಹಾಕಿದ್ದೇನೆ.

ಈ ದೀಪಾವಳಿಯ ಎಣ್ಣೆಸ್ನಾನಕ್ಕೆ ಹನ್ನೆರಡು ಸೋಪು ಹೇಳಿದ್ದೇನೆ, ಅಕ್ಕನ ಮಕ್ಕಳಿಗೂ ಸೇರಿಸಿ. ಪೆಟ್ಟಿಗೆ, ದಾರ ಬೇಡ, ಹಳೆಯ ಪತ್ರಿಕೆಯಲ್ಲಿ ಸುತ್ತಿ ಕಳಿಸಿದರೆ ಸಾಕು ಎಂದೆ. "ಇವತ್ತೇ ಕಲೆಸ್ತೇನೆ, ಇಲ್ಲದಿದ್ರೆ ಹಬ್ಬಕ್ಕೆ ಒಣಗೋದಿಲ್ಲ" ಎಂದರು. ಸಂಜೆ ಅಟ್ಟದ ಫೋಟೊ ಕಳಿಸಿದರು. ಹೊಸ ಸಾಲಿನ ಚೀಟಿಯ ಮೇಲೆ ಅಂದಿನ ತಾರೀಖು, ಅದರ ಕೆಳಗೆ ನನ್ನ ಹೆಸರು.