ಹೆಚ್ಚಿನ ಇಳುವರಿಗೆ ಬೀಜವೇ ಕಾರಣವೇ?

ಹೊಸ ತಳಿಯನ್ನು ಬಿತ್ತಿದ ಹೊಲಗಳಲ್ಲಿ ಹಳೆಯ ತಳಿಯ ಹೊಲಗಳಿಗಿಂತ ಹೆಚ್ಚು ಇಳುವರಿ ಬಂದಿತೆಂದು ಸಮೀಕ್ಷೆಯೊಂದು ತಿಳಿಸಿದರೆ, ಆ ಹೆಚ್ಚಳಕ್ಕೆ ಹೊಸ ಬೀಜವೇ ಕಾರಣವೆಂದು ನಾವು ಸಹಜವಾಗಿ ಭಾವಿಸುತ್ತೇವೆ. ಆದರೆ ಎರಡು ಸಂಗತಿಗಳು ಒಟ್ಟಿಗೆ ಕಂಡುಬಂದ ಮಾತ್ರಕ್ಕೆ ಒಂದು ಇನ್ನೊಂದರ ಕಾರಣವಾಗುವುದಿಲ್ಲ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತೆಂಬ ಗಾದೆ ಹೇಳುವುದು ಈ ಎಚ್ಚರವನ್ನೇ. ಬೀಜದ ವಿಷಯದಲ್ಲಿ ಈ ಎಚ್ಚರ ತಪ್ಪಿದರೆ ಆಗುವ ನಷ್ಟ ಸಣ್ಣದಲ್ಲ. ಖುಷ್ಕಿ ಜಮೀನಿನ ರೈತನಿಗೆ ಅನೇಕ ಕಡೆಗಳಲ್ಲಿ ವರ್ಷಕ್ಕೆ ದೊರೆಯುವುದು ಒಂದೇ ಬೆಳೆ. ತನ್ನ ನೆಲಕ್ಕೆ ಒಗ್ಗದ ಬೀಜವನ್ನು ಬಿತ್ತಿದರೆ ಮನೆಯ ವರ್ಷದ ಕಾಳು, ದನಗಳ ವರ್ಷದ ಮೇವು ಎರಡೂ ಕೈತಪ್ಪುತ್ತವೆ.

ಸರಾಸರಿಯು ಮರೆಮಾಡುವ ಸಂಗತಿ

ಒಂದು ಕಾಲ್ಪನಿಕ ಉದಾಹರಣೆಯನ್ನು ತೆಗೆದುಕೊಳ್ಳೋಣ. ಹಿಂಗಾರಿ ಜೋಳ ಬೆಳೆಯುವ 200 ರೈತರನ್ನು ವಿಚಾರಿಸಲಾಯಿತೆನ್ನಿ. ಪ್ರತಿಯೊಬ್ಬರದೂ ಒಂದೊಂದು ಹೆಕ್ಟೇರು ಜೋಳ. 100 ಮಂದಿ ಹೊಸ ತಳಿಯನ್ನೂ ಉಳಿದ 100 ಮಂದಿ ಹಳೆಯ ತಳಿಯನ್ನೂ ಬಿತ್ತಿದ್ದಾರೆ. ಹೊಸ ತಳಿಯ ಸರಾಸರಿ ಇಳುವರಿ ಹೆಕ್ಟೇರಿಗೆ 16.6 ಕ್ವಿಂಟಲ್, ಹಳೆಯದರದು 10.4 ಕ್ವಿಂಟಲ್. ವ್ಯತ್ಯಾಸ 6.2 ಕ್ವಿಂಟಲ್. ಇಷ್ಟನ್ನೇ ನೋಡಿದವರು ಹೊಸ ಬೀಜವನ್ನು ಕೊಳ್ಳಲು ಹೊರಟರೆ ಆಶ್ಚರ್ಯವಿಲ್ಲ.

ಈಗ ಇದೇ ಹೊಲಗಳನ್ನು ನೀರಾವರಿ ಮತ್ತು ಖುಷ್ಕಿ ಎಂದು ಬೇರ್ಪಡಿಸಿ ನೋಡೋಣ. ಹೊಸ ತಳಿ ಬಿತ್ತಿದವರಲ್ಲಿ 80 ಮಂದಿಗೆ ಬಾವಿಯ ನೀರಿದೆ, 20 ಮಂದಿಗೆ ಇಲ್ಲ. ಹಳೆಯ ತಳಿಯವರಲ್ಲಿ 20 ಮಂದಿಗೆ ಮಾತ್ರ ನೀರಿದೆ, 80 ಮಂದಿಗೆ ಇಲ್ಲ. ನೀರಾವರಿ ಹೊಲಗಳಲ್ಲಿ ಹೊಸ ತಳಿ 19 ಕ್ವಿಂಟಲ್, ಹಳೆಯದು 20 ಕ್ವಿಂಟಲ್ ಕೊಟ್ಟಿವೆ. ಖುಷ್ಕಿ ಹೊಲಗಳಲ್ಲಿ ಹೊಸದು 7, ಹಳೆಯದು 8. ಎರಡು ಕಡೆಯೂ ಹಳೆಯ ತಳಿಯೇ ಒಂದು ಕ್ವಿಂಟಲ್ ಮುಂದಿದೆ. ಎರಡು ತಳಿಗಳಿಗೂ ಅರ್ಧ ನೀರಾವರಿ, ಅರ್ಧ ಖುಷ್ಕಿ ನೆಲ ದೊರೆತಿದ್ದರೆ ಹೊಸದರ ಸರಾಸರಿ 13 ಕ್ವಿಂಟಲ್, ಹಳೆಯದರದು 14 ಕ್ವಿಂಟಲ್ ಆಗುತ್ತಿತ್ತು. ಮೊದಲು ಕಂಡ ಹೆಚ್ಚಳವೆಲ್ಲ ಬಾವಿಯ ನೀರಿನದು. ಅದು ಬೀಜದ ಹೆಸರಿಗೆ ಜಮೆಯಾಗಿತ್ತು.

ಇಂತಹ ಸನ್ನಿವೇಶ ಅಪರೂಪವೇನೂ ಅಲ್ಲ. ಹೊಸ ಬೀಜವನ್ನು ಮೊದಲು ಕೊಳ್ಳುವವರು ಬಹುಮಟ್ಟಿಗೆ ನೀರು, ಬಂಡವಾಳ ಮತ್ತು ಗೊಬ್ಬರದ ಅನುಕೂಲ ಉಳ್ಳವರು. ನೀರಾವರಿಯ ವಿವರ ಸಮೀಕ್ಷೆಯಲ್ಲಿ ದಾಖಲಾಗಿದ್ದರೆ ಮೇಲಿನಂತೆ ಬೇರ್ಪಡಿಸಿ ಹೋಲಿಸಬಹುದು. ಆದರೆ ಮಣ್ಣಿನ ಆಳ, ಬಿತ್ತಿದ ದಿನ, ಕಳೆ ಕಿತ್ತ ಶ್ರದ್ಧೆ ಮುಂತಾದವೂ ಇಳುವರಿಯನ್ನು ಏರಿಳಿಸುತ್ತವೆ. ಸಮೀಕ್ಷೆಯವರು ಕೇಳದೆ ಬಿಟ್ಟ ಸಂಗತಿಯನ್ನು ಆಮೇಲೆ ಯಾವ ಲೆಕ್ಕದಿಂದಲೂ ಪೂರ್ತಿಯಾಗಿ ಸರಿದೂಗಿಸಲಾಗದು.

ಚೀಟಿ ಎತ್ತುವುದರ ಮಹತ್ವ

ಈ ತೊಡಕಿಗೆ ಪರಿಹಾರ ದೊರೆತದ್ದು ಹೊಲದಲ್ಲಿಯೇ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಪ್ರಯೋಗ ಕೇಂದ್ರವನ್ನು 1919ರಲ್ಲಿ ಸೇರಿದ ಸಂಖ್ಯಾಶಾಸ್ತ್ರಜ್ಞ ಆರ್. ಎ. ಫಿಶರ್ ಅವರು ಕ್ಷೇತ್ರ ಪ್ರಯೋಗಗಳಿಗೆ ಮೂರು ನಿಯಮಗಳನ್ನು ರೂಪಿಸಿದರು. ಮೊದಲನೆಯದು, ಪ್ರತಿ ತಳಿಯನ್ನೂ ಒಂದಕ್ಕಿಂತ ಹೆಚ್ಚು ತಾಕುಗಳಲ್ಲಿ ಬಿತ್ತಬೇಕು. ಎರಡನೆಯದು, ಫಲವತ್ತತೆ ಹೆಚ್ಚುಕಡಿಮೆ ಒಂದೇ ಆಗಿರುವ ನೆಲವನ್ನು ಒಂದೊಂದು ಪಟ್ಟಿಯಾಗಿ ವಿಂಗಡಿಸಿ, ಪ್ರತಿ ಪಟ್ಟಿಯಲ್ಲಿಯೂ ಎಲ್ಲ ತಳಿಗಳಿಗೆ ಸ್ಥಾನ ಕೊಡಬೇಕು. ಮೂರನೆಯದು, ಪಟ್ಟಿಯೊಳಗೆ ಯಾವ ತಾಕಿಗೆ ಯಾವ ತಳಿ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಬೇಕು.

ಮೂರನೆಯ ನಿಯಮವೇ ಇವುಗಳಲ್ಲಿ ಮುಖ್ಯವಾದುದು. ಚೀಟಿಗೆ ಪಕ್ಷಪಾತವಿಲ್ಲ. ಒಳ್ಳೆಯ ಮಣ್ಣು ಯಾವ ತಳಿಯ ಪಾಲಿಗೂ ಉದ್ದೇಶಪೂರ್ವಕವಾಗಿ ಬೀಳುವುದಿಲ್ಲ. ನಮಗೆ ಗೊತ್ತಿಲ್ಲದ ಕಾರಣಗಳು ಕೂಡ ಎಲ್ಲ ತಳಿಗಳಿಗೆ ಸಮಾನ ಅವಕಾಶದಿಂದ ಹಂಚಿಹೋಗುತ್ತವೆ. ಅನೇಕ ತಾಕುಗಳ ಇಳುವರಿಯನ್ನು ಹೋಲಿಸಿ, ಕೇವಲ ಆಕಸ್ಮಿಕವಾಗಿ ಎಷ್ಟು ಏರುಪೇರಾಗಬಹುದೆಂದು ಲೆಕ್ಕ ಹಾಕಿದ ಮೇಲೂ ವ್ಯತ್ಯಾಸ ಉಳಿದರೆ, ಅದಕ್ಕೆ ತಳಿಯೇ ಕಾರಣವೆಂದು ಹೇಳಲು ಆಧಾರ ದೊರೆಯುತ್ತದೆ.

ಒಂದು ಸೀಮೆಯ ತಳಿ ಇನ್ನೊಂದಕ್ಕೆ ಒಗ್ಗೀತೇ?

ಒಂದು ಕೇಂದ್ರದಲ್ಲಿ ಗೆದ್ದ ತಳಿ ಎಲ್ಲೆಡೆಯೂ ಗೆಲ್ಲುವುದೆಂಬ ನಿಯಮವಿಲ್ಲ. ಆದುದರಿಂದ ನಮ್ಮ ದೇಶದಲ್ಲಿ 1957ರಲ್ಲಿ ಮೆಕ್ಕೆಜೋಳಕ್ಕೆ, 1965ರಲ್ಲಿ ಭತ್ತಕ್ಕೆ, ಮುಂದೆ ಇತರ ಬೆಳೆಗಳಿಗೆ ಅಖಿಲ ಭಾರತ ಸುಸಂಘಟಿತ ಯೋಜನೆಗಳು ಆರಂಭವಾದವು. ಈ ಯೋಜನೆಗಳಲ್ಲಿ ಹೊಸ ತಳಿಗಳ ಬೀಜಕ್ಕೆ ಹೆಸರಿನ ಬದಲು ಸಂಕೇತ ಸಂಖ್ಯೆ ಕೊಟ್ಟು ಅನೇಕ ಕೇಂದ್ರಗಳಿಗೆ ಕಳುಹಿಸಲಾಗುತ್ತದೆ. ಜೊತೆಗೆ ರೈತರು ಈಗಾಗಲೇ ಬೆಳೆಯುತ್ತಿರುವ ಉತ್ತಮ ತಳಿಯನ್ನು ಹೋಲಿಕೆಗಾಗಿ ಬಿತ್ತಲಾಗುತ್ತದೆ. ಒಂದು ವರ್ಷದ ಮಳೆಯನ್ನು ನಂಬಿ ತೀರ್ಮಾನಿಸಲಾಗದಾದ್ದರಿಂದ ಪರೀಕ್ಷೆಯನ್ನು ಕೆಲವು ವರ್ಷ ಮುಂದುವರಿಸುತ್ತಾರೆ.

ಜೋಳದ ಅನುಭವ ಇಲ್ಲಿ ಬೋಧಪ್ರದವಾಗಿದೆ. ಸೋಲಾಪುರ ಜಿಲ್ಲೆಯ ಮೋಹೋಳದಲ್ಲಿ 1930ರ ದಶಕದಲ್ಲಿ ಸ್ಥಳೀಯ ಮಾಲ್ದಂಡಿ ಜೋಳದಿಂದ ಎಂ 35-1 ಎಂಬ ತಳಿಯನ್ನು ಆರಿಸಲಾಯಿತು. 1964ರಲ್ಲಿ ಸಿ.ಎಸ್.ಎಚ್.-1 ಎಂಬ ಸಂಕರಣ ಜೋಳ ಬಿಡುಗಡೆಯಾಗಿ, ಆ ಬಗೆಯ ತಳಿಗಳು ಮುಂಗಾರಿನಲ್ಲಿ ಬಹುಬೇಗ ಹರಡಿದವು. ಹಿಂಗಾರಿಯಲ್ಲಿ ಹಾಗಾಗಲಿಲ್ಲ. ಸೋಲಾಪುರ, ವಿಜಯಪುರ, ಕಲಬುರಗಿ ಸೀಮೆಯ ಎರೆಭೂಮಿಯಲ್ಲಿ ಹಿಂಗಾರಿ ಜೋಳವು ಬಹುಮಟ್ಟಿಗೆ ಮಣ್ಣಿನಲ್ಲಿ ಉಳಿದ ತೇವದಿಂದಲೇ ಬೆಳೆಯಬೇಕು. ಸುಳಿ ನೊಣದ ಕಾಟವನ್ನೂ ತಡೆದುಕೊಳ್ಳಬೇಕು. ರೊಟ್ಟಿಗೆ ಬಿಳಿಯ ಹೊಳಪಿನ ಕಾಳು, ದನಕ್ಕೆ ಒಳ್ಳೆಯ ಕಣಿಕೆ ಎರಡನ್ನೂ ಕೊಡಬೇಕು. ಈ ಗುಣಗಳಿಂದಾಗಿ ಎಂ 35-1 ದಶಕಗಳ ಕಾಲ ರೈತರ ಹೊಲಗಳಲ್ಲಿ ಉಳಿಯಿತು. ಮುಂಗಾರಿ ಮತ್ತು ಹಿಂಗಾರಿ ಜೋಳಗಳ ತಳಿಗಳನ್ನು ಪ್ರತ್ಯೇಕವಾಗಿ ಪರೀಕ್ಷಿಸುವುದಕ್ಕೆ ಇದೇ ಕಾರಣ.

ಸಮೀಕ್ಷೆಯ ಸ್ಥಾನ

ಹಾಗಾದರೆ ಸಮೀಕ್ಷೆ ನಿರರ್ಥಕವೇ? ಖಂಡಿತ ಅಲ್ಲ. ಪ್ರಯೋಗ ಕೇಂದ್ರದಲ್ಲಿ ನೆಲಕ್ಕೆ ಸಿಗುವ ಆರೈಕೆ ಎಲ್ಲ ರೈತರ ಹೊಲಗಳಿಗೂ ಸಿಗುವುದಿಲ್ಲ. ಒಂದು ಜಿಲ್ಲೆಯಲ್ಲಿ ನಿಜವಾಗಿ ಎಷ್ಟು ಬೆಳೆಯಿತೆಂಬುದನ್ನು ತಿಳಿಯಲು ಸಮೀಕ್ಷೆಯೇ ಬೇಕು. 1940ರ ದಶಕದಲ್ಲಿ ಪಿ. ಸಿ. ಮಹಾಲನೋಬಿಸ್, ಪಿ. ವಿ. ಸುಖಾತ್ಮೆ, ವಿ. ಜಿ. ಪಾನ್ಸೆ ಮೊದಲಾದವರು ಬೆಳೆ ಕಟಾವು ಪ್ರಯೋಗದ ಪದ್ಧತಿಯನ್ನು ಬಲಪಡಿಸಿದರು. ಹಳ್ಳಿ, ಹೊಲ ಮತ್ತು ಹೊಲದೊಳಗಿನ ತುಂಡನ್ನು ಯಾದೃಚ್ಛಿಕವಾಗಿ ಆರಿಸಿ, ಅಲ್ಲಿನ ಬೆಳೆಯನ್ನು ಕೊಯ್ದು ತೂಗುವುದು ಈ ಪದ್ಧತಿ. 2016ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ನಷ್ಟ ಪರಿಹಾರದ ನಿರ್ಣಯಕ್ಕೂ ಇಂತಹ ಕಟಾವಿನ ಅಂಕಿಗಳನ್ನು ಬಳಸಲಾಗಿದೆ.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಸಮೀಕ್ಷೆಯಲ್ಲಿ ಚೀಟಿಯು ಯಾವ ಹೊಲವನ್ನು ಅಳೆಯಬೇಕೆಂದು ನಿರ್ಧರಿಸುತ್ತದೆ. ಪ್ರಯೋಗದಲ್ಲಿ ಯಾವ ತಾಕಿಗೆ ಯಾವ ಬೀಜವೆಂದು ನಿರ್ಧರಿಸುತ್ತದೆ. ಮೊದಲನೆಯದು ‘ಎಷ್ಟು’ ಎಂಬ ಪ್ರಶ್ನೆಗೆ ಉತ್ತರ, ಎರಡನೆಯದು ‘ಏಕೆ’ ಎಂಬುದಕ್ಕೆ.

ಕೇಳಬೇಕಾದ ಪ್ರಶ್ನೆಗಳು

ಊರಿನಲ್ಲಿ ಜಮೀನಿದ್ದು ದೂರದ ನಗರಗಳಲ್ಲಿ ನೆಲೆಸಿರುವವರಿಗೂ ಬೀಜದ ಆಯ್ಕೆಯಲ್ಲಿ ಸಲಹೆ ಕೊಡುವ ಸಂದರ್ಭ ಬರುತ್ತದೆ. ಆಗ ಈ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು:

1. ಹೊಸ ತಳಿಯನ್ನು ಯಾವ ತಳಿಯೊಡನೆ ಹೋಲಿಸಲಾಗಿದೆ?
2. ಎರಡಕ್ಕೂ ಒಂದೇ ಬಗೆಯ ನೆಲ, ನೀರು, ಗೊಬ್ಬರ ದೊರೆತಿದ್ದವೇ?
3. ಎಷ್ಟು ಸ್ಥಳಗಳಲ್ಲಿ, ಎಷ್ಟು ವರ್ಷ ಪರೀಕ್ಷಿಸಲಾಗಿದೆ?
4. ಆ ಸ್ಥಳಗಳಲ್ಲಿ ನಮ್ಮ ಹೊಲವನ್ನು ಹೋಲುವ ನೆಲ ಇದೆಯೇ?

ನಾಲ್ಕಕ್ಕೂ ತೃಪ್ತಿಕರ ಉತ್ತರ ದೊರೆತ ಮೇಲೆಯೂ ಮೊದಲ ವರ್ಷ ಹೊಲದ ಒಂದು ಮೂಲೆಯಲ್ಲಿ, ಹಳೆಯ ತಳಿಯ ಪಕ್ಕದಲ್ಲಿಯೇ ಹೊಸದನ್ನು ಬಿತ್ತಿ ನೋಡುವುದು ವಿವೇಕದ ದಾರಿ.