ನಮೂನೆಯ ಪೆಟ್ಟಿಗೆಯೂ ಆತ್ಮಚಿತ್ರವೂ

ಆತ್ಮಚಿತ್ರವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವವನು ಕನ್ನಡಿಯೆದುರು ಕುಳಿತು ತನ್ನ ಮುಖವನ್ನು ತಾನೇ ಬರೆದುಕೊಳ್ಳುವ ಚಿತ್ರಕಾರ. ನಮೂನೆಗಳ ಸಂಗ್ರಹವೆಂದೊಡನೆ ನೆನಪಾಗುವುದು ಗಾಜಿನ ಬೀರು, ಸೂಜಿ ಚುಚ್ಚಿದ ಚಿಟ್ಟೆ, ಸೀಸೆಯೊಳಗಿನ ಹಾವು. ಒಂದು ಕಲೆ, ಮತ್ತೊಂದು ಶಾಸ್ತ್ರ. ಇವೆರಡಕ್ಕೂ ಎಲ್ಲಿಯ ನಂಟು ಎಂದು ಕಲಾ ಕಾಲೇಜಿನವರಾದ ನಾವು ಕೇಳುವುದು ಸಹಜವೇ ಸರಿ. ಆದರೆ ನಮೂನೆಗಳನ್ನು ಕೂಡಿಡುವ ಕ್ರಮದಿಂದಲೇ ತನ್ನ ಚಿತ್ರವನ್ನು ರಚಿಸಿಕೊಳ್ಳುವ ಒಂದು ಮಾರ್ಗವುಂಟು. ಅದರ ಚರಿತ್ರೆಯನ್ನೂ ವಿಧಾನವನ್ನೂ ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಚೀಟಿಯ ವಿಚಾರ. ಕೀಟಶಾಸ್ತ್ರಜ್ಞನು ಹುಳುವನ್ನು ಚುಚ್ಚಿದ ಸೂಜಿಗೇ, ಅದರ ಕೆಳಗೆ, ಬೆರಳ ಉಗುರಿನಷ್ಟು ಚಿಕ್ಕ ಚೀಟಿಯೊಂದನ್ನು ಪೋಣಿಸುತ್ತಾನೆ. ಸಿಕ್ಕಿದ ಸ್ಥಳ, ದಿನಾಂಕ, ಯಾವ ಗಿಡದ ಮೇಲಿತ್ತು ಎಂಬ ವಿವರ, ಸಂಗ್ರಹಿಸಿದವರ ಹೆಸರು, ಇಷ್ಟು ಅದರಲ್ಲಿರಬೇಕು. ಎಷ್ಟೇ ಸುಂದರವಾದ ಹುಳುವಾಗಲಿ, ಚೀಟಿ ಕಳೆದುಹೋದರೆ ಶಾಸ್ತ್ರಕ್ಕೆ ಅದರ ಬೆಲೆ ಬಹುಮಟ್ಟಿಗೆ ಹೋದಂತೆಯೇ. ಒಬ್ಬನೇ ಸಂಗ್ರಾಹಕನ ನೂರು ಚೀಟಿಗಳನ್ನು ದಿನಾಂಕದ ಪ್ರಕಾರ ಓದುತ್ತ ಹೋದರೆ, ಅವನು ಯಾವ ಮಳೆಗಾಲದಲ್ಲಿ ಯಾವ ಹಳ್ಳದ ದಂಡೆಯಲ್ಲಿ ನಡೆದ, ಯಾವುದರ ಮೇಲೆ ಅವನ ಕಣ್ಣಿತ್ತು ಎಂಬುದೆಲ್ಲ ತಿಳಿದುಬರುತ್ತದೆ. ಹುಳುಗಳ ಲೆಕ್ಕದೊಳಗೆ ಮನುಷ್ಯನೊಬ್ಬನ ಜೀವನಚರಿತ್ರೆ ಅಡಗಿದೆ.

ಜೀವಿಗಳನ್ನೆಲ್ಲ ವರ್ಗೀಕರಿಸಲು ಹೊರಟ ಸ್ವೀಡನ್ ದೇಶದ ಲಿನೀಯಸನಿಗೂ ಈ ಪ್ರಶ್ನೆ ಎದುರಾಯಿತು. ೧೭೩೫ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು ಮನುಷ್ಯನನ್ನೂ ಪ್ರಾಣಿಗಳ ಪಟ್ಟಿಗೆ ಸೇರಿಸಿದ. ಆದರೆ ಮನುಷ್ಯನ ಹೆಸರಿನ ಮುಂದೆ ದೇಹಲಕ್ಷಣಗಳನ್ನು ಬರೆಯದೆ, ನಿನ್ನನ್ನು ನೀನೇ ಅರಿತುಕೋ ಎಂಬ ಅರ್ಥದ ಹಳೆಯ ಲ್ಯಾಟಿನ್ ಸೂತ್ರವನ್ನು ಬರೆದ. ಮುಂದೆ ೧೯೫೯ರಲ್ಲಿ ಸ್ಟರ್ನ್ ಎಂಬ ಆಂಗ್ಲ ವಿದ್ವಾಂಸರು, ಮನುಷ್ಯಜಾತಿಗೆ ಮೂಲ ನಮೂನೆಯಾಗಿ ಸ್ವತಃ ಲಿನೀಯಸನೇ ನಿಲ್ಲತಕ್ಕದ್ದೆಂದು ಬರೆದರು. ಉಪ್ಸಾಲ ನಗರದ ಚರ್ಚಿನಲ್ಲಿ ಸಮಾಧಿಯಾಗಿರುವ ಅವನ ದೇಹವೇ ಆ ನಮೂನೆ. ಚೀಟಿ ಬರೆಯುವವನೇ ಚೀಟಿಯ ಮೇಲಿನ ವಸ್ತುವಾದ!

ಕಲೆಯಲ್ಲಿ ಇದರ ಪ್ರಸಿದ್ಧ ಉದಾಹರಣೆ ಅಮೆರಿಕದ ಚಿತ್ರಕಾರ ಚಾರ್ಲ್ಸ್ ವಿಲ್ಸನ್ ಪೀಲ್. ಫಿಲಡೆಲ್ಫಿಯದಲ್ಲಿ ಸ್ವಂತ ಶ್ರಮದಿಂದ ವಸ್ತುಸಂಗ್ರಹಾಲಯವೊಂದನ್ನು ಕಟ್ಟಿದ ಈತ, ೧೮೨೨ರಲ್ಲಿ, ತನ್ನ ೮೧ನೆಯ ವಯಸ್ಸಿನಲ್ಲಿ, ಆಳೆತ್ತರದ ಆತ್ಮಚಿತ್ರವನ್ನು ಬರೆದ. ಅದರಲ್ಲಿ ವೃದ್ಧ ಪೀಲನು ಒಂದು ಕೈಯಿಂದ ಪರದೆಯನ್ನೆತ್ತಿ ಹಿಡಿದಿದ್ದಾನೆ. ಹಿಂದೆ ಲಿನೀಯಸನ ಕ್ರಮದಲ್ಲಿ ಜೋಡಿಸಿದ ಪಕ್ಷಿಗಳ ಸಾಲು ಸಾಲು ಪೆಟ್ಟಿಗೆಗಳು. ಒಂದು ಪಕ್ಕದಲ್ಲಿ, ೧೮೦೧ರಲ್ಲಿ ಅವನು ಅಗೆಸಿ ತೆಗೆಸಿದ, ಆನೆಯನ್ನು ಹೋಲುವ ಗತಕಾಲದ ಪ್ರಾಣಿಯ ಮೂಳೆಗಳು. ಜೊತೆಗೆ ಬಣ್ಣದ ಹಲಗೆ ಮತ್ತು ಕುಂಚ. ನನ್ನನ್ನು ತಿಳಿಯಬೇಕಾದರೆ ನನ್ನ ಮುಖವೊಂದನ್ನೇ ನೋಡಬೇಡಿ, ನಾನು ಕೂಡಿಟ್ಟದ್ದನ್ನೂ ನೋಡಿ ಎಂಬುದು ಆ ಚಿತ್ರದ ಅಭಿಪ್ರಾಯವೆಂದು ನನಗೆ ತೋರುತ್ತದೆ.

ಆದರೆ ಪರದೆಯೆತ್ತಿದವನ ಹಿಂದೆ ಮತ್ತೊಬ್ಬನಿದ್ದನೆಂಬುದನ್ನು ಮರೆಯಲಾಗದು. ಪೀಲನ ಮನೆಯಲ್ಲಿ ಗುಲಾಮನಾಗಿ ಬೆಳೆದು, ಅನಂತರ ಬಿಡುಗಡೆ ಹೊಂದಿದ ಮೋಸೆಸ್ ವಿಲಿಯಮ್ಸ್ ಎಂಬ ಕರಿಯ ಜನಾಂಗದವನು, ಅದೇ ಸಂಗ್ರಹಾಲಯದಲ್ಲಿ ಸಂದರ್ಶಕರ ಪಾರ್ಶ್ವಮುಖಗಳನ್ನು ಕಾಗದದಲ್ಲಿ ಕತ್ತರಿಸಿ ಕೊಡುತ್ತಿದ್ದ. ೧೮೦೩ರ ಒಂದೇ ವರ್ಷದಲ್ಲಿ ೮ ಸಾವಿರಕ್ಕೂ ಮಿಕ್ಕಿ ಚಿತ್ರಗಳನ್ನು ಕತ್ತರಿಸಿದ. ಅವುಗಳ ಮೇಲೆ ಒತ್ತಿದ್ದು ಸಂಗ್ರಹಾಲಯದ ಮುದ್ರೆ, ಕತ್ತರಿಸಿದವನ ಹೆಸರಲ್ಲ. ಅವನ ಹೆಸರು ಬರೆದ, ಅವನದೇ ಪಾರ್ಶ್ವಮುಖದ ಒಂದು ಚಿತ್ರ ಉಳಿದುಬಂದಿದೆ. ಬಹುಕಾಲ ಅದನ್ನು ಪೀಲನ ಮಗನು ಮಾಡಿದ್ದೆಂದು ನಂಬಲಾಗಿತ್ತು. ಅದು ವಿಲಿಯಮ್ಸನ ಸ್ವಂತ ಕೈಯ ಆತ್ಮಚಿತ್ರವೇ ಇರಬಹುದೆಂದು ಈಚಿನ ವಿದ್ವಾಂಸರು ವಾದಿಸಿದ್ದಾರೆ. ಚೀಟಿಯಲ್ಲಿ ಯಾರ ಹೆಸರು ಬರುತ್ತದೆ, ಯಾರದು ಬಿಟ್ಟುಹೋಗುತ್ತದೆ ಎಂಬುದು ಕ್ಷುಲ್ಲಕ ಪ್ರಶ್ನೆಯಲ್ಲ.

ನಮ್ಮ ದೇಶಕ್ಕೆ ಬರೋಣ. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರು ಬಾಲಕರಾಗಿದ್ದಾಗ ಕತ್ತಿನಲ್ಲಿ ಹಳದಿ ಮಚ್ಚೆಯಿದ್ದ ಗುಬ್ಬಚ್ಚಿಯೊಂದನ್ನು ಹೊಡೆದು, ಅದು ಯಾವ ಜಾತಿಯದೆಂದು ಕೇಳಲು ಬೊಂಬಾಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದರು. ಅಲ್ಲಿ ಕಂಡ ಪಕ್ಷಿಗಳ ಸಂಗ್ರಹ ಅವರ ಬಾಳಿನ ದಿಕ್ಕನ್ನೇ ಬದಲಿಸಿತು. ೧೯೮೫ರಲ್ಲಿ ಪ್ರಕಟವಾದ ಆತ್ಮಕಥೆಗೆ ಅವರು ಆ ಗುಬ್ಬಚ್ಚಿಯ ಬೀಳುವಿಕೆಯನ್ನೇ ಹೆಸರಾಗಿಟ್ಟರು.

ನಮ್ಮ ಮೂಡಿಗೆರೆ ಸೀಮೆಯ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (೧೯೮೦) ಕಾದಂಬರಿಯನ್ನು ಓದದವರು ನಮ್ಮಲ್ಲಿ ವಿರಳ. ಅವರ ಹೆಸರಿನ ಪ್ರತಿಷ್ಠಾನ ನಮ್ಮೂರು ಕೊಟ್ಟಿಗೆಹಾರದಲ್ಲಿಯೇ ಇದೆ. ಆ ಕಾದಂಬರಿಯಲ್ಲಿ ಕತೆ ಹೇಳುವ ‘ನಾನು’ ಲೇಖಕರಂತೆಯೇ ಒಬ್ಬ ಕೃಷಿಕ. ಹುಡುಕಾಟ ನಡೆಯುವುದು ಹಾರುವ ಓತಿಗಾಗಿ. ವಿಜ್ಞಾನಿ ಕರ್ವಾಲೊ ಅವಲಂಬಿಸುವುದು ಊರವರು ಕೆಲಸಕ್ಕೆ ಬಾರದವನೆಂದು ತಿಳಿದಿದ್ದ ಮಂದಣ್ಣನ ಕಣ್ಣನ್ನು. ಕೊನೆಗೆ ಓತಿ ಕೈಗೆ ಸಿಕ್ಕದೆ ಕಣಿವೆಯ ಕಡೆಗೆ ತೇಲಿಹೋಗುತ್ತದೆ. ನಮೂನೆ ದೊರಕಲಿಲ್ಲ, ಆದರೆ ಹುಡುಕಿದವರ ಚಿತ್ರ ಪೂರ್ಣವಾಯಿತು.

ಇನ್ನು ವಿಧಾನ. ಇಂಥ ಆತ್ಮಚಿತ್ರಕ್ಕೆ ಬಣ್ಣವಾಗಲಿ ಕ್ಯಾನ್ವಾಸಾಗಲಿ ಬೇಕಿಲ್ಲ. ರಟ್ಟಿನ ಪೆಟ್ಟಿಗೆಯೊಂದನ್ನು ಹನ್ನೆರಡು ಮನೆಗಳಾಗಿ ವಿಂಗಡಿಸಿಕೊಂಡರೆ ಸಾಕು. ಜೀವಿಗಳನ್ನು ಕೊಲ್ಲುವುದು ಅನಾವಶ್ಯಕ. ಹಲವು ಚಿಟ್ಟೆ ದುಂಬಿಗಳಿಗೂ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಉದುರಿದ ಎಲೆ, ಬೀಜ, ಮನೆಯ ವಸ್ತು, ಇವೇ ಸಾಲುವುವು. ಎಲೆಗಳನ್ನು ಹಳೆಯ ವೃತ್ತಪತ್ರಿಕೆಯ ನಡುವೆ ಭಾರವಿಟ್ಟು ಒತ್ತಿ, ದಿನವೂ ಕಾಗದ ಬದಲಿಸಬೇಕು. ನಮ್ಮ ಮಳೆಗಾಲದಲ್ಲಿ ಎರಡೇ ದಿನಕ್ಕೆ ಬೂಷ್ಟು ಹಿಡಿಯುವುದರಿಂದ ಒಲೆಯ ಮೇಲಿನ ಅಟ್ಟದಲ್ಲಿಟ್ಟು ಒಣಗಿಸುವುದು ಲೇಸು. ಚೀಟಿಯನ್ನು ಪೆನ್ಸಿಲಿನಲ್ಲಿ ಬರೆದರೆ ತೇವಕ್ಕೆ ಅಕ್ಷರ ಹರಡುವುದಿಲ್ಲ. ಒಂದು ನಿಯಮವನ್ನು ಮಾತ್ರ ಕಟ್ಟುನಿಟ್ಟಾಗಿ ಪಾಲಿಸಬೇಕು: ಚೀಟಿಯಲ್ಲಿ ಉಪಮೆ, ವಿಶೇಷಣ, ಭಾವೋದ್ಗಾರ ಕೂಡದು. ಕಂಡದ್ದನ್ನಷ್ಟೇ ಬರೆಯಬೇಕು.

ಈ ಕ್ರಮದಲ್ಲಿ ನಾನು ರಚಿಸಿದ ಪೆಟ್ಟಿಗೆಯಲ್ಲಿ ಮರಕ್ಕಂಟಿಕೊಂಡಿದ್ದ ಜೀರುಂಡೆಯ ಪೊರೆ, ಏಲಕ್ಕಿಯ ಸಿಪ್ಪೆ, ಮೂಡಿಗೆರೆ ಬಸ್ಸಿನ ಟಿಕೇಟು, ಸವೆದ ಪೆನ್ಸಿಲು ಮುಂತಾದವಿವೆ. ಏಳನೆಯ ಮನೆಯಲ್ಲಿರುವುದು ಬೋರರ್ ಹುಳು ಕೊರೆದ ಅರೇಬಿಕ ಕಾಫಿ ಗಿಡದ ಗೇಣುದ್ದದ ಕಾಂಡ. ಈ ದುಂಬಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ; ಮರಿಹುಳು ಒಳಗೆ ಸುರಂಗ ಕೊರೆಯುತ್ತ ಗಿಡವನ್ನು ಸಾಯಿಸುತ್ತದೆ. ಹುಳು ಹಿಡಿದ ಗಿಡವನ್ನು ಹೊತ್ತಿಗೆ ಮುಂಚೆ ಗುರುತಿಸಿ ಕಿತ್ತು ಸುಡದಿದ್ದರೆ ಪಕ್ಕದ ಗಿಡಗಳಿಗೂ ಅಪಾಯ. ಈ ಗುರುತಿಸುವ ಕೆಲಸ ಮಾಡುವವರು ತೋಟದ ಆಳುಗಳು. ನನ್ನ ತಾಯಿ ಅವರಲ್ಲೊಬ್ಬರು. ಒಳಗಿನ ಹುಳು ಸಾಯುವಂತೆ ಬೆಂಕಿಯಲ್ಲಿ ಚೆನ್ನಾಗಿ ಕಾಯಿಸಿದ ಮೇಲೆಯೇ ಈ ತುಂಡನ್ನು ಪೆಟ್ಟಿಗೆಗೆ ಸೇರಿಸಿದೆ.

ಚೀಟಿ ಬರೆಯುವಾಗ ಲಕ್ಷಣಗಳನ್ನು ತಾಯಿಯನ್ನೇ ಕೇಳಿದೆ. ಎಲೆ ಹಳದಿಯಾಗಿತ್ತು, ತೊಗಟೆ ಉಂಗುರ ಉಂಗುರವಾಗಿ ಉಬ್ಬಿತ್ತು, ಬಗ್ಗಿಸಿದಾಗ ಲಟಕ್ಕನೆ ಮುರಿಯಿತು ಎಂದರು. ಕೃಷಿಗ್ರಂಥಗಳು ಹೇಳುವುದೂ ಬಹುಮಟ್ಟಿಗೆ ಇದನ್ನೇ. ‘ಸಂಗ್ರಹಿಸಿದವರು’ ಎಂಬಲ್ಲಿ ಅವರ ಹೆಸರನ್ನು ಬರೆದು ಓದಿ ಹೇಳಿದಾಗ ಅವರಿಗೆ ಗಾಬರಿಯಾಯಿತು.

“ಹುಳ ಹಿಡ್ದ ಗಿಡಕ್ಕೆ ನನ್ನ ಹೆಸ್ರು ಎಂತಕ್ಕೆ? ರೈಟ್ರು ನೋಡಿದ್ರೆ ನಾನೇ ಹಾಳು ಮಾಡಿದ್ದು ಅಂತಾರೆ!”

“ಹಾಳು ಮಾಡಿದವರ ಹೆಸರಲ್ಲಮ್ಮ, ಕಂಡು ಹಿಡಿದವರದು” ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ಸರಿಯಾಗಿ ಬರಿ” ಎಂದು, ಗಿಡವಿದ್ದ ಪಟ್ಟೆಯನ್ನೂ ಅದರ ಪಕ್ಕದ ನೆರಳುಮರವನ್ನೂ ಹೇಳಿ ಬರೆಯಿಸಿದರು. ಕೂಲಿಯ ಹಾಜರಿಯ ಹೊರತು ಅವರ ಹೆಸರು ಕಾಗದದ ಮೇಲೆ ಬಂದದ್ದು ಅಪರೂಪ. ಆ ಪೆಟ್ಟಿಗೆಯಲ್ಲಿ ನನ್ನ ಮುಖ ಎಲ್ಲಿಯೂ ಇಲ್ಲ. ಆದರೂ ಏಳನೆಯ ಮನೆಯನ್ನು ನೋಡಿದವರಿಗೆ ನಾನು ಎಲ್ಲಿಂದ ಬಂದೆನೆಂಬುದನ್ನು ಬೇರೆ ಹೇಳಬೇಕಾಗುವುದಿಲ್ಲ.

ಮನುಷ್ಯನು ತಾನೊಬ್ಬನೇ ತನ್ನನ್ನು ಸಂಗ್ರಹಿಸಿಕೊಂಡಿರುವುದಿಲ್ಲ. ಅವನನ್ನು ಕೂಡಿಸಿಟ್ಟ ಕೈಗಳು ಹಲವು. ಕನ್ನಡಿ ಆ ಕೈಗಳನ್ನು ತೋರಿಸಲಾರದು, ಚೀಟಿ ತೋರಿಸಬಲ್ಲುದು. ಮುಂದಿನ ವರ್ಷದ ಕಾಲೇಜು ದಿನಾಚರಣೆಯಲ್ಲಿ ಇಂಥ ಪೆಟ್ಟಿಗೆಗಳ ಪ್ರದರ್ಶನವೊಂದನ್ನು ಏರ್ಪಡಿಸಬಹುದೆಂದು ಕಿರಿಯ ಮಿತ್ರರಲ್ಲಿ ನನ್ನ ಸೂಚನೆ. ಖರ್ಚು ಅಲ್ಪ. ಕಳಸ, ಬಣಕಲ್, ಬಾಳೂರು ಕಡೆಗಳಿಂದ ಬರುವ ಪ್ರತಿಯೊಬ್ಬರ ಮನೆಯಲ್ಲಿಯೂ ಸಾಮಗ್ರಿಯಿದೆ. ‘ಸಂಗ್ರಹಿಸಿದವರು’ ಎಂಬ ಸಾಲನ್ನು ಮಾತ್ರ ಯಾರೂ ಖಾಲಿ ಬಿಡದಿರಲಿ.