ಗಸಗಸೆಯಷ್ಟು ಗುಳಿ: ಮುಂದಿನ ಫೋರ್ಕಿನ ಸೀಲು ಬದಲಿಸಿದ ಅನುಭವ

ಮೋಟಾರ್ ಸೈಕಲಿನ ಮುಂಚಕ್ರವನ್ನು ಎರಡೂ ಬದಿಯಿಂದ ಹಿಡಿದಿರುವ ಕಾಲುಗಳಿಗೆ ಫೋರ್ಕ್ ಎಂದು ಹೆಸರು. ಗ್ಯಾರೇಜಿನ ಮಾತಿನಲ್ಲಿ ಅದು ‘ಮುಂದಿನ ಶಾಕ್’. ಪ್ರತಿ ಕಾಲಿನಲ್ಲಿಯೂ ಕ್ರೋಮ್ ಲೇಪಿಸಿದ ಉಕ್ಕಿನ ಕೊಳವೆಯೊಂದು, ಅಂದರೆ ಫೋರ್ಕ್ ಪೈಪು, ಕೆಳಗಿನ ಅಲ್ಯೂಮಿನಿಯಂ ಕವಚದೊಳಗೆ ಜಾರುತ್ತ ಆಡುತ್ತದೆ; ಒಳಗಿನ ಸ್ಪ್ರಿಂಗು ಭಾರವನ್ನು ಹೊತ್ತರೆ, ಸಣ್ಣ ರಂಧ್ರಗಳಲ್ಲಿ ನುಸುಳಬೇಕಾದ ಎಣ್ಣೆಯು ಆ ಸ್ಪ್ರಿಂಗಿನ ಕುಣಿತವನ್ನು ಹತೋಟಿಯಲ್ಲಿಡುತ್ತದೆ. 1935ರಲ್ಲಿ ಬಿಎಂಡಬ್ಲ್ಯು ಕಂಪನಿಯ ಆರ್ 12 ಬೈಕಿನೊಂದಿಗೆ ಮಾರುಕಟ್ಟೆಗೆ ಬಂದ ಈ ಏರ್ಪಾಡು ಇಂದಿನ ಸಾಧಾರಣ ಬೈಕುಗಳಲ್ಲಿಯೂ ಮೂಲದಲ್ಲಿ ಹಾಗೆಯೇ ಉಳಿದಿದೆ. ಎಣ್ಣೆ ಹೊರಬರದಂತೆ ಕವಚದ ಬಾಯಲ್ಲಿ ಕೂರಿಸಿದ ರಬ್ಬರಿನ ಬಳೆಯೇ ಆಯಿಲ್ ಸೀಲು. ಅದರ ತುಟಿಯಂಥ ಒಳಅಂಚನ್ನು ತೆಳುವಾದ ಸ್ಪ್ರಿಂಗೊಂದು ಪೈಪಿಗೆ ಒತ್ತಿ ಹಿಡಿದಿರುತ್ತದೆ, ಮತ್ತು ಅದರ ತಲೆಯ ಮೇಲೆ ಧೂಳನ್ನು ತಡೆಯುವ ಡಸ್ಟ್ ಸೀಲು ಟೋಪಿಯಂತೆ ಕೂತಿರುತ್ತದೆ.

ಸೀಲು ಸೋರತೊಡಗಿದಾಗ ಮೊದಲು ಕಾಣುವುದು ಪೈಪಿನ ಸುತ್ತ ಮೂಡುವ ಎಣ್ಣೆಯ ಉಂಗುರ. ಅದಕ್ಕೆ ಧೂಳು ಮೆತ್ತಿ ಕಪ್ಪಾಗುತ್ತದೆ. ಎಣ್ಣೆ ಕಾಲಿನುದ್ದಕ್ಕೂ ಇಳಿದು ಬ್ರೇಕಿನ ಡಿಸ್ಕನ್ನು ಮುಟ್ಟಿದರೆ ಬ್ರೇಕು ಹಿಡಿಯದೆ ಹೋಗುವುದರಿಂದ, ಈ ಕೆಲಸವನ್ನು ಮುಂದಿನ ಭಾನುವಾರಕ್ಕೆ ತಳ್ಳುತ್ತ ಹೋಗುವಂತಿಲ್ಲ. ಆದರೂ ಎಲ್ಲ ಸೋರಿಕೆಯೂ ಸೀಲು ಹರಿದದ್ದರಿಂದಲೇ ಆಗುವುದಿಲ್ಲ. ತುಟಿಯಡಿ ಸಿಕ್ಕಿಕೊಂಡ ಒಂದು ಮರಳಿನ ಕಣವೂ ಸಾಕು, ಮತ್ತು ಡಸ್ಟ್ ಸೀಲನ್ನು ಮೇಲೆ ಸರಿಸಿ ಹಳೆಯ ಕ್ಯಾಮೆರಾ ರೀಲಿನ ತುಂಡನ್ನು ಸೀಲಿನೊಳಗೆ ಸುತ್ತಲೂ ಆಡಿಸಿದರೆ ಆ ಕಣ ಹೊರಬಂದು ಸೋರಿಕೆ ನಿಲ್ಲುವುದುಂಟು.

ಈ ಲೇಖಕನ ಬೈಕಿನಲ್ಲಿ ಅದು ನಿಲ್ಲಲಿಲ್ಲ. ಮಳೆಗಾಲದಲ್ಲಿ ಮನೆಯಂಗಳದ ಶೀಟಿನಡಿಯೇ ಕಾಲನ್ನು ಬಿಚ್ಚಿ ಹೊಸ ಸೀಲು, ಹೊಸ ಎಣ್ಣೆ ಹಾಕಿದ್ದಾಯಿತು. ಮೂರನೆಯ ವಾರಕ್ಕೆ ಅದೇ ಕಾಲಿನಲ್ಲಿ ಅದೇ ಉಂಗುರ ಮತ್ತೆ ಮೂಡಿತು. ಮಾರಿದ ಅಂಗಡಿಯವನನ್ನೂ ಸೀಲಿನ ಗುಣಮಟ್ಟವನ್ನೂ ಮನಸಾರೆ ಬೈದಾದ ಮೇಲೆ, ಪೈಪನ್ನು ಒರೆಸಿ ಮೇಲಿಂದ ಕೆಳಕ್ಕೆ ಉಗುರು ಎಳೆದಾಗ ಒಂದೆಡೆ ಅದು ಚುಕ್ ಎಂದು ತಡೆಯಿತು: ಕಣ್ಣಿಗೆ ಗಸಗಸೆ ಕಾಳಿನಂತೆ ಕಾಣುವ, ತುಕ್ಕಿನ ಅಂಚುಳ್ಳ ಒಂದು ಗುಳಿ. ಚಕ್ರದಿಂದ ಚಿಮ್ಮಿದ ಕಲ್ಲು ಕ್ರೋಮನ್ನು ಎಬ್ಬಿಸಿದ್ದಲ್ಲಿ ನೀರು ನಿಂತು ತುಕ್ಕು ಹಿಡಿದಿರಬೇಕು. ಕಾಲು ತಗ್ಗಿದಾಗಲೆಲ್ಲ ಆ ಅಂಚು ಹೊಸ ತುಟಿಯನ್ನೂ ಕೊಯ್ಯುತ್ತಿತ್ತು. ಐದು ನಿಮಿಷದ ಈ ಪರೀಕ್ಷೆಯನ್ನು ಸೀಲು ಕೊಳ್ಳುವ ಮೊದಲೇ ಮಾಡಬಹುದಿತ್ತು. ಪೈಪಿಗೆ ಸಡಿಲವಾಗಿ ಕೇಬಲ್ ಟೈ ಕಟ್ಟಿ ಒಂದು ದಿನ ಓಡಿಸಿದರೆ ಸೀಲು ಎಲ್ಲಿಯವರೆಗೆ ಏರುತ್ತದೆಂಬುದು ತಿಳಿಯುತ್ತದೆ. ಆ ಗೆರೆಯಿಂದ ಮೇಲಿರುವ ಗುಳಿಗಳು ನಿರುಪದ್ರವಿಗಳು. ಕೆಳಗಿರುವವು ಚಿಕ್ಕದಾಗಿದ್ದರೆ ಎದ್ದ ಅಂಚನ್ನು 1000 ಮತ್ತು 2000 ನಂಬರಿನ, ನೀರು ಹಚ್ಚಿ ಬಳಸುವ ಉಪ್ಪುಕಾಗದದಿಂದ ಉಜ್ಜಿ ನುಣುಪಾಗಿಸಬಹುದು, ಆಳವಾಗಿದ್ದರೆ ಪೈಪನ್ನೇ ಬದಲಿಸಬೇಕು.

ಬಿಚ್ಚುವ ಕೆಲಸದಲ್ಲಿ ಹೆಚ್ಚು ಸತಾಯಿಸುವುದು ಕವಚದ ತಳದಲ್ಲಿ ಒಳಕ್ಕೆ ಹುದುಗಿರುವ ಎಲನ್ ಬೋಲ್ಟು. ಅದು ಒಳಗಿನ ಡ್ಯಾಂಪರ್ ರಾಡನ್ನು, ಅಂದರೆ ಎಣ್ಣೆಯ ರಂಧ್ರಗಳಿರುವ ಕೊಳವೆಯನ್ನು, ಕವಚಕ್ಕೆ ಬಿಗಿಯುತ್ತದೆ. ಮೇಲಿನ ಮುಚ್ಚಳ ತೆಗೆದು ಸ್ಪ್ರಿಂಗು ಹೊರಬಂದ ಮೇಲೆ ಅದಕ್ಕೆ ಕೈಹಾಕಿದರೆ ಒತ್ತಿ ಹಿಡಿಯುವುದು ಏನೂ ಇಲ್ಲದೆ ರಾಡೂ ಬೋಲ್ಟಿನೊಂದಿಗೆ ಗರಗರ ಸುತ್ತುತ್ತದೆ. ಸ್ಪ್ರಿಂಗು ಒಳಗಿರುವಾಗಲೇ, ಇನ್ನೊಬ್ಬರಿಂದ ಕಾಲನ್ನು ಒತ್ತಿಸಿಕೊಂಡು, ಅರ್ಧ ಸುತ್ತು ಸಡಿಲಿಸಿಟ್ಟರೆ ಈ ಪೀಡೆ ತಪ್ಪುತ್ತದೆ. ಮೇಲಿನ ಮುಚ್ಚಳವನ್ನೂ ಕಾಲು ಬೈಕಿನಲ್ಲಿರುವಾಗಲೇ, ಅದನ್ನು ಹಿಡಿದ ಮೇಲಿನ ಕ್ಲ್ಯಾಂಪಿನ ಬೋಲ್ಟು ಸಡಿಲಿಸಿ, ಒಂದಿಷ್ಟು ತಿರುಗಿಸಿಡಬೇಕು. ಪೂರ್ತಿ ಬಿಚ್ಚುವಾಗ ಅಂಗೈಯಿಂದ ಒತ್ತಿ ಹಿಡಿಯದಿದ್ದರೆ ಅಡಿಯ ಸ್ಪ್ರಿಂಗು ಅದನ್ನು ಮುಖದತ್ತ ಎಸೆಯುತ್ತದೆ. ಹೊರಬರುವ ಹಳೆಯ ಎಣ್ಣೆ ಬೂದು ಬಣ್ಣದ್ದು, ಅದರ ನಾತವೋ ಕೊಳೆತ ಮೀನಿನದು.

ಹಲವು ಬೈಕುಗಳಲ್ಲಿ ಪೈಪನ್ನು ಜಗ್ಗಿ ಜಗ್ಗಿ ಎಳೆದರೆ ಸೀಲು ಅದರೊಂದಿಗೇ ಹೊರಬರುತ್ತದೆ. ಚಿಕ್ಕ ಬೈಕುಗಳಲ್ಲಿ ಮೀಟಿ ತೆಗೆಯಬೇಕಾಗುವುದೇ ಹೆಚ್ಚು. ಅದಕ್ಕೂ ಮೊದಲು ಸೀಲನ್ನು ಅದುಮಿರುವ ಸರ್ಕ್ಲಿಪ್ ಎಂಬ ತಂತಿಯ ಬಳೆಯನ್ನು ಕಿತ್ತಿರಬೇಕು, ಮತ್ತು ಮೀಟುವಾಗ ಸ್ಕ್ರೂಡ್ರೈವರಿನ ಅಡಿ ಬಟ್ಟೆಯ ಮಡಿಕೆ ಇರಬೇಕು; ಅಲ್ಯೂಮಿನಿಯಂ ಮೆದುವಾದ್ದರಿಂದ ಸೀಲು ಕೂರುವ ಜಾಗಕ್ಕೆ ಗೀರು ಬಿದ್ದರೆ ಎಣ್ಣೆ ಸೀಲಿನ ಹೊರಗಿನಿಂದಲೇ ದಾರಿ ಕಂಡುಕೊಳ್ಳುತ್ತದೆ. ಹೊಸ ಸೀಲನ್ನು ಮೇಲಿನಿಂದ ಇಳಿಸುವಾಗ ಪೈಪಿನ ತುದಿಗೆ ತೆಳು ಪ್ಲಾಸ್ಟಿಕ್ ಚೀಲವನ್ನು ತೊಡಿಸಿ ಎಣ್ಣೆ ಸವರಿದರೆ ಅಲ್ಲಿನ ಚೂಪಾದ ಅಂಚು ತುಟಿಯನ್ನು ಕತ್ತರಿಸದು. ಅದನ್ನು ಕೂರಿಸಲು ಅಳತೆಗೆ ಸರಿಹೊಂದುವ ಪಿವಿಸಿ ಪೈಪಿನ ತುಂಡು ಸಾಕಾಗುತ್ತದೆ. ಹಳೆಯ ಸೀಲನ್ನು ಹೊಸದರ ಮೇಲಿಟ್ಟು ತಟ್ಟಿದರೆ ಪೆಟ್ಟು ಸುತ್ತಲೂ ಸಮನಾಗಿ ಬೀಳುತ್ತದೆ, ಸರ್ಕ್ಲಿಪ್ ಕೂರುವ ತೋಡು ಪೂರ್ತಿ ಕಂಡಾಗ ಸೀಲು ತಳ ಮುಟ್ಟಿತೆಂದು ಅರ್ಥ.

ಎಣ್ಣೆಯ ದರ್ಜೆಯೂ ಪ್ರಮಾಣವೂ ಕಂಪನಿಯ ಕೈಪಿಡಿಯಲ್ಲಿ ಹೇಳಿದಂತೆಯೇ ಇರಬೇಕು. ಎಣ್ಣೆಯ ಮೇಲೆ ಉಳಿಯುವ ಗಾಳಿಯೂ ಒಂದು ಸ್ಪ್ರಿಂಗಿನಂತೆ ವರ್ತಿಸುವುದರಿಂದ, ‘ಇರಲಿ’ ಎಂದು ಸುರಿದ ಹೆಚ್ಚಿನ ಎಣ್ಣೆ ಆ ಜಾಗವನ್ನು ಕಿರಿದಾಗಿಸಿ, ಗುಂಡಿಗೆ ಬಿದ್ದಾಗ ಒತ್ತಡವನ್ನು ಏರಿಸಿ, ಹೊಸ ಸೀಲನ್ನೇ ಸೋರಿಸಬಲ್ಲದು. ಕೊನೆಯಲ್ಲಿ ಚಕ್ರದ ಆಕ್ಸಲನ್ನು ತೊಡಿಸಿ, ಅದನ್ನು ಕಾಲಿಗೆ ಬಿಗಿಯುವ ಪಿಂಚ್ ಬೋಲ್ಟಿದ್ದರೆ ಅದನ್ನು ಬಿಗಿಯುವ ಮುನ್ನ ಹ್ಯಾಂಡಲನ್ನು ನಾಲ್ಕಾರು ಸಲ ಅದುಮಿ ಬಿಟ್ಟರೆ ಎರಡು ಕಾಲುಗಳೂ ತಮ್ಮ ನೇರಕ್ಕೆ ಬಂದು ನಿಲ್ಲುತ್ತವೆ. ಎರಡನೆಯ ಬಾರಿ ಜೋಡಿಸಿದ ಆ ಪೈಪಿಗೆ ಕಟ್ಟಿದ ಕೇಬಲ್ ಟೈ ಈಗಲೂ ಅಲ್ಲಿಯೇ ಇದ್ದು, ಬೈಕು ತೊಳೆದಾಗಲೆಲ್ಲ ಅದರ ಕೆಳಗೆ ಉಗುರು ಎಳೆದು ನೋಡುವ ಅಭ್ಯಾಸ ಉಳಿದುಬಿಟ್ಟಿದೆ.